ಎಮ್ಮೆಗೆ ಕೂಲಿಂಗ್ ಗ್ಲಾಸ್ ಅಲ್ಲ, ಬೈಕಿಗೆ ಹ್ಯಾಂಡ್‌ಗಾರ್ಡ್

ಪ್ರಶ್ನೆ ಇಷ್ಟೇ. ಬೈಕಿನ ಹ್ಯಾಂಡಲ್‌ಗೆ ಹ್ಯಾಂಡ್‌ಗಾರ್ಡ್, ಅಂದರೆ ಬೆರಳಿನ ಮುಂದೆ ಅಡ್ಡ ನಿಲ್ಲುವ ಪ್ಲಾಸ್ಟಿಕ್ ತಡೆ, ಯಾಕೆ ಹಾಕಿಸಿದ್ದೀರಿ? ಹೀಗೆ ಕೇಳಿದರೆ ನಾನೂ ನೆಟ್ಟಗೆ ಉತ್ತರ ಕೊಡುತ್ತೇನೆ. ಆದರೆ ಕಲಬುರಗಿಯಲ್ಲಿ ಯಾರೂ ಹೀಗೆ ಕೇಳುವುದಿಲ್ಲ. "ಏನ್ರೀ ಸರ, ಲಡಾಖ್ ಹೊಂಟೀರೇನು?" ಎನ್ನುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಎನ್ನುತ್ತಾರೆ, ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ಎನ್ನುತ್ತಾರೆ, ಮದುವೆ ಮಂಟಪದ ಮುಂದೆ ಗಾಡಿ ನಿಲ್ಲಿಸುವಾಗ ಎನ್ನುತ್ತಾರೆ. ಉತ್ತರಕ್ಕೆ ಕಾಯುವುದೂ ಇಲ್ಲ. ಪಕ್ಕದವರ ಮುಖ ನೋಡಿ ನಗುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು.

ನನ್ನದು 150 ಸಿಸಿ ಗಾಡಿ. ಆಫೀಸಿಗೆ, ಸಂತೆಗೆ ಹೋಗುವವರು ಓಡಿಸುವಂಥದ್ದು. ಹಿಮಾಲಯನ್, ಎಕ್ಸ್‌ಪಲ್ಸ್‌ನಂಥ ಅಡ್ವೆಂಚರ್ ಬೈಕ್ ಅಲ್ಲ. ಆ ಗಾಡಿಗಳ ಮೇಲೆ ಇದೇ ಪ್ಲಾಸ್ಟಿಕ್ ಇದ್ದರೆ ಯಾರಿಗೂ ಏನೂ ಅನಿಸುವುದಿಲ್ಲ. ನನ್ನ ಗಾಡಿಯ ಮೇಲೆ ಕಂಡರೆ ಮಾತ್ರ ಶೋಕಿ. ನಮ್ಮ ಸಂಬಂಧಿಕರೊಬ್ಬರು "ಎಮ್ಮಿಗಿ ಕೂಲಿಂಗ್ ಗ್ಲಾಸ್ ಹಾಕ್ದಂಗ ಅದ ನೋಡು" ಅಂದರು. ಮಾತು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅವರ ಸ್ವಂತ ಗಾಡಿ ನೋಡಬೇಕು ನೀವು. ಮುಂದೆ ಲೆಗ್ ಗಾರ್ಡ್. ಹಿಂದೆ ಸೀರೆ ಗಾರ್ಡ್. ಟ್ಯಾಂಕಿಗೆ ರೆಕ್ಸಿನ್ ಕವರ್. ಹೆಡ್‌ಲೈಟ್ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ. ಕಾಲಿಗೆ ಗಾರ್ಡ್ ಇರಬಹುದು, ಸೀರೆಗೆ ಇರಬಹುದು, ದೃಷ್ಟಿಗೂ ಇರಬಹುದು. ಬೆರಳಿಗೆ ಹಾಕಿಸಿದರೆ ಮಾತ್ರ ಶೋಕಿ! ಸೀರೆ ಗಾರ್ಡ್ ಅಂತೂ ಕಾನೂನಿನಲ್ಲೇ ಇದೆ. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳಬಾರದು, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚಿರಬೇಕು ಎಂದು ಕೇಂದ್ರ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅದನ್ನು ನೋಡಿ ಲಡಾಖ್ ನೆನಪಾಗುವುದಿಲ್ಲ, ಅಲ್ವಾ?

ಸರಿ, ಉತ್ತರ. ನಾನು ಬೀಜ, ಗೊಬ್ಬರದ ವ್ಯಾಪಾರದಲ್ಲಿ ಊರೂರು ತಿರುಗುವವನು. ಚಿಂಚೋಳಿ, ಸೇಡಂ, ಚಿತ್ತಾಪುರ, ಯಾದಗಿರಿ ಕಡೆ ಒಳದಾರಿಗಳು. ಆಗಾಗ ಹುಮನಾಬಾದ್ ಮೇಲೆ ಬೀದರ್. ಒಳದಾರಿ ಎಂದರೆ ಎರಡೂ ಕಡೆ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬ್ರಿಟಿಷರ ಕಾಲದಲ್ಲಿ ಬಂದ ಈ ಗಿಡ ನಮ್ಮಲ್ಲಿ ರಸ್ತೆಯನ್ನೂ ಬಿಟ್ಟಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಟೊಂಗೆಗಳು ಡಾಂಬರಿನ ಮೇಲೇ ಬಾಗಿರುತ್ತವೆ. ಎದುರಿಗೆ ಬಸ್ ಬಂದರೆ ನೀವು ಅಂಚಿಗೆ ಇಳಿಯಲೇಬೇಕು. ಅಂಚಿನಲ್ಲಿ ಜಾಲಿ ಕಾದಿರುತ್ತದೆ. ಮೊದಲು ಸಿಗುವುದು ಎಡಗೈ ಬೆರಳು. ಮುಳ್ಳು ಕೀಳಬೇಕೆಂದರೆ ಗಾಡಿ ನಿಲ್ಲಿಸಬೇಕು, ಕೈಗವಸು ಬಿಚ್ಚಬೇಕು, ಆಮೇಲೆ ಊರಿನ ಯಾರ ಹತ್ತಿರವೋ ಸೂಜಿ ಕೇಳಬೇಕು.

ಅದು ಮುಗಿಯುವಷ್ಟರಲ್ಲಿ ಕಬ್ಬಿನ ಸೀಸನ್. ಆಳಂದ, ಭಾಲ್ಕಿ, ಹುಮನಾಬಾದ್ ಕಡೆ ರಾತ್ರಿ ಹಗಲು ಟ್ರ್ಯಾಕ್ಟರ್. ಹಿಂದೆ ಎರಡು ಟ್ರಾಲಿ, ಅಗಲಕ್ಕೆ ಮಿತಿಯಿಲ್ಲದ ಲೋಡ್, ಪಕ್ಕಕ್ಕೆ ಚಾಚಿದ ಗರಿ. ಕಬ್ಬಿನ ಗರಿಯ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಹೊಲದಲ್ಲಿ ಕೆಲಸ ಮಾಡಿದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಓವರ್‌ಟೇಕ್ ಮಾಡುವಾಗ 50ರ ವೇಗದಲ್ಲಿ ಅದು ಬೆರಳಿನ ಗೆಣ್ಣಿನ ಮೇಲೆ ಸವರಿದರೆ ಹೇಗಿರುತ್ತದೆ, ನೀವೇ ಯೋಚಿಸಿ.

ಇನ್ನು ಚಳಿ. "ಬಿಸಿಲ ನಾಡಿನಾಗ ಚಳಿ ಎಲ್ಲಿಂದ ಬಂತು?" ಎನ್ನುವವರು ಡಿಸೆಂಬರ್ ಬೆಳಿಗ್ಗೆ ಬೀದರ್‌ಗೆ ಬೈಕಿನಲ್ಲಿ ಹೋಗಿಲ್ಲ. ಬೀದರ್ 600 ಮೀಟರಿಗಿಂತ ಎತ್ತರದಲ್ಲಿದೆ. ಬೆಳಗಿನ ತಾಪಮಾನ 10 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳೂ ಅಲ್ಲಿವೆ. 10 ಡಿಗ್ರಿ ಇದ್ದು, ನೀವು 60ರಲ್ಲಿ ಹೊರಟಿದ್ದರೆ, ಬರೀ ಚರ್ಮಕ್ಕೆ ಅದು 5 ಡಿಗ್ರಿಯ ಚಳಿಯಂತೆ ತಾಗುತ್ತದೆ. ಬೆರಳು ಮರಗಟ್ಟಿ ಬ್ರೇಕ್ ಎಷ್ಟು ಹಿಡಿದಿದ್ದೇನೆ ಎಂದೇ ಗೊತ್ತಾಗುವುದಿಲ್ಲ. ಮೇ ತಿಂಗಳಲ್ಲಿ ಇದರ ಉಲ್ಟಾ. 42 ಡಿಗ್ರಿಯ ಗಾಳಿ ಮೈಗಿಂತ ಬಿಸಿ, ಅದು ತಂಪು ಮಾಡುವುದಿಲ್ಲ, ಸುಡುತ್ತದೆ. ಎರಡಕ್ಕೂ ಆ ಪ್ಲಾಸ್ಟಿಕ್ ಅಡ್ಡ ನಿಲ್ಲುತ್ತದೆ.

ಲೋಹದ ಪಟ್ಟಿ ಇರುವ ಗಾರ್ಡಾದರೆ ಗಾಡಿ ಬಿದ್ದರೂ ಕ್ಲಚ್ ಲಿವರ್ ಉಳಿಯುತ್ತದೆ, ಅದೂ ಒಂದು. ಬೀಳಲು ದೊಡ್ಡ ಅಪಘಾತ ಬೇಕಿಲ್ಲ. ಬಸ್ ಸ್ಟ್ಯಾಂಡ್ ಮುಂದೆ ಸಾಲಾಗಿ ನಿಲ್ಲಿಸಿದ ಗಾಡಿಗಳಲ್ಲಿ ಒಂದನ್ನು ಯಾರಾದರೂ ತಳ್ಳಿದರೆ ಸಾಕು. ಲಿವರ್ ಮುರಿದ ಗಾಡಿಯನ್ನು ಚಂದ್ರಂಪಳ್ಳಿ ಕಡೆಯ ಕಾಡುದಾರಿಯಿಂದ ತಳ್ಳಿಕೊಂಡು ಬರುವವನನ್ನು ಯಾರೂ "ಶೋಕಿ ಏನು?" ಎಂದು ಕೇಳುವುದಿಲ್ಲ.

ಇಷ್ಟೂ ಹೇಳಿದ್ದು ಸಿಟ್ಟಿಗೆ. ಸಿಟ್ಟಿಗೆ ಬೇರೆ ಕಾರಣವೂ ಇದೆ. ಯಾಕೆ ಹಾಕಿಸಿದಿರಿ ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ಬಿತ್ತು ಎಂದು ಎಲ್ಲರೂ ಕೇಳುತ್ತಾರೆ. ಹಾಕಿದ ಮೇಲೆ ಗಾಡಿಯ ಉಳಿದದ್ದೆಲ್ಲ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ಒಬ್ಬರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೊಂದೇ.

ಸೇಡಂ ಕಡೆಯ ಒಬ್ಬ ಹುಡುಗ ನನ್ನ ಗಾಡಿ ನೋಡಿ ಎಲ್ಲರಿಗಿಂತ ಜೋರಾಗಿ ನಕ್ಕವನು. ಕೆಲವು ತಿಂಗಳಲ್ಲಿ ತಾನೂ ಹಾಕಿಸಿಕೊಂಡ. ಅಂಗಡಿಯವರು ಅವನು ಚಹಾ ಕುಡಿದು ಬರುವಷ್ಟರಲ್ಲಿ ಫಿಟ್ ಮಾಡಿ ಕೊಟ್ಟಿದ್ದರು. ಆಮೇಲೆ ಫೋನು. "ಸರ, ಗಾಡಿ ಎಳೀವಲ್ದು. ಎಕ್ಸಲೇಟರ್ ಕೊಟ್ರ ಬರೇ ಸೌಂಡ್ ಬರ್ತದ. ಮೆಕ್ಯಾನಿಕ್ ಕ್ಲಚ್ ಪ್ಲೇಟ್ ಹೋಗ್ಯಾವ ಅಂತಾನ. ನಿಮ್ದೂ ಹಿಂಗೇ ಆಗಿತ್ತೇನ್ರೀ?" ಇಲ್ಲಪ್ಪ, ಆಗಿರಲಿಲ್ಲ. ಮುಂದಿನ ಸಲ ಆ ಕಡೆ ಹೋದಾಗ ನೋಡಿದೆ. ಗಾರ್ಡಿನ ಅಲ್ಯೂಮಿನಿಯಂ ಪಟ್ಟಿ ಕ್ಲಚ್ ಲಿವರ್ ತುದಿಯನ್ನು ಒತ್ತಿಕೊಂಡೇ ಕೂತಿತ್ತು. ಯಾರೂ ಹಿಡಿಯದಿದ್ದರೂ ಕ್ಲಚ್ ಸ್ವಲ್ಪ ಹಿಡಿದ ಹಾಗೇ. ಪ್ಲೇಟು ಜಾರದೆ ಇನ್ನೇನು ಮಾಡುತ್ತದೆ? ಬಲಗಡೆಯೂ ಅದೇ ಕಥೆ. ಮುಂದಿನ ಬ್ರೇಕ್ ಲಿವರ್ ಒತ್ತಿಕೊಂಡು ಹಿಂದಿನ ಕೆಂಪು ಲೈಟ್ ಸದಾ ಉರಿಯುತ್ತಿತ್ತು. ಡಿಸ್ಕ್ ಮುಟ್ಟಲಾಗದಷ್ಟು ಬಿಸಿ.

ಅದೂ ಪರವಾಗಿಲ್ಲ. ಎಕ್ಸಲೇಟರ್ ತಿರುಗಿಸಿ ಬಿಟ್ಟೆ. ತಟ್ಟನೆ ವಾಪಸ್ ಬರಬೇಕಾದದ್ದು ನಿಧಾನವಾಗಿ, ಮನಸ್ಸಿಲ್ಲದೆ ಬಂತು. ತುದಿಯ ಬೋಲ್ಟನ್ನು ಎಳೆದು ಬಿಗಿದಿದ್ದರು. ಗ್ರಿಪ್ಪಿನ ರಬ್ಬರು ಗಾರ್ಡಿಗೆ ಉಜ್ಜುತ್ತಿತ್ತು. ಈ ಗಾಡಿಯಲ್ಲಿ ಅವನು ದಿನಾ ತಂಗಿಯನ್ನು ಕಾಲೇಜಿಗೆ ಬಿಡುತ್ತಿದ್ದ.

ಅಲೆನ್ ಕೀ ತಗೊಂಡು ಅಲ್ಲೇ ಕೂತೆವು. ಗಾರ್ಡನ್ನು ಸಡಿಲ ಮಾಡಿ ಮುಂದಕ್ಕೆ ತಿರುಗಿಸಿ, ಲಿವರ್ ಹಿಡಿದಿರುವ ಕ್ಲಾಂಪನ್ನು ಸ್ವಲ್ಪ ಒಳಕ್ಕೆ ಸರಿಸಿದರೆ ಪಟ್ಟಿಗೂ ಲಿವರ್‌ಗೂ ಜಾಗ ಸಿಕ್ಕಿತು. ಕ್ಲಚ್ ಪ್ಲೇಟಿನ ದುಡ್ಡು ಉಳಿಯಿತು. ಹುಡುಗ ಈಗ ನಗುವುದಿಲ್ಲ, ಆದರೆ ತನ್ನ ಗೆಳೆಯರನ್ನೆಲ್ಲ ನನ್ನ ಹತ್ತಿರ ಕಳಿಸುತ್ತಾನೆ. ನಗುವುದೇ ಮೇಲಿತ್ತು.

ಆ ಗೆಳೆಯರಿಗಾಗಿ ಇನ್ನಷ್ಟು. ನಮ್ಮ ಸಾಮಾನ್ಯ ಗಾಡಿಗಳ ಹ್ಯಾಂಡಲ್ ಪೈಪಿನ ಹೊರ ಅಳತೆ 22 ಮಿಲಿಮೀಟರ್. ಕೆಲವು ದೊಡ್ಡ ಗಾಡಿಗಳಲ್ಲಿ ನಡುಭಾಗ 28 ಇರುತ್ತದೆ, ಅದಕ್ಕೆ ಕ್ಲಾಂಪ್ ಬೇರೆ. ಬರೀ ಪ್ಲಾಸ್ಟಿಕ್ ಇರುವ ಗಾರ್ಡು ಒಂದೇ ಕಡೆ ಕಚ್ಚಿಕೊಳ್ಳುತ್ತದೆ. ಗಾಳಿ, ಮಳೆ, ಗರಿಗೆ ಸಾಕು, ಬಿದ್ದರೆ ಲಿವರ್ ಉಳಿಸುವುದಿಲ್ಲ. ಪಟ್ಟಿ ಇರುವುದು ಎರಡು ಕಡೆ ಹಿಡಿಯುತ್ತದೆ, ಪೈಪಿನ ತುದಿಯಲ್ಲಿ ಮತ್ತು ಒಳಗೆ ಸ್ವಿಚ್ಚಿನ ಆಚೆ. ತುದಿಯಲ್ಲಿ ಕಂಪನಿಯವರು ಒಂದು ತೂಕದ ತುಂಡು ಇಟ್ಟಿರುತ್ತಾರೆ. ಅದು ಅಲಂಕಾರಕ್ಕಲ್ಲ, ಹ್ಯಾಂಡಲ್ ನಡುಕ ಕಡಿಮೆ ಮಾಡಲಿಕ್ಕೆ. ಅದನ್ನು ಬಿಚ್ಚಿ ಎಸೆದು ಹಗುರ ಗಾರ್ಡ್ ಹಾಕಿದರೆ ಬೀದರ್ ಮುಟ್ಟುವಷ್ಟರಲ್ಲಿ ಅಂಗೈ ಜುಮ್ಮೆನ್ನುತ್ತದೆ. ತೂಕ ಉಳಿಸಿಕೊಳ್ಳುವ, ಇಲ್ಲವೇ ತನ್ನದೇ ತೂಕ ಇರುವ ಗಾರ್ಡ್ ನೋಡಿ.

ತುದಿಯಲ್ಲಿ ಥ್ರೆಡ್ ಇಲ್ಲದ ಪೈಪಾದರೆ ಒಳಗೆ ಒಂದು ಬಿರಡೆ (ಪ್ಲಗ್) ಹೋಗುತ್ತದೆ. ಬೋಲ್ಟ್ ಬಿಗಿದಂತೆ ಅದು ಉಬ್ಬಿ ಪೈಪನ್ನು ಒಳಗಿಂದ ಹಿಡಿಯುತ್ತದೆ. ಬಲಗಡೆಯ ಗ್ರಿಪ್ಪಿನ ತುದಿ ಮುಚ್ಚಿದ್ದರೆ ಕತ್ತರಿಸಬೇಕು. ಕತ್ತರಿಸುವುದನ್ನು ಅವಸರದವರಿಗೆ ಬಿಡಬೇಡಿ. ಗ್ರಿಪ್ಪಿಗೂ ಗಾರ್ಡಿಗೂ ನಡುವೆ 2 ಮಿಲಿಮೀಟರ್ ಆದರೂ ಬೆಳಕು ಕಾಣಬೇಕು.

ಆಮೇಲೆ ಅಂಗಡಿಯಿಂದ ಹೊರಡುವ ಮೊದಲೇ, ಅವರು ಎಷ್ಟೇ ಗೊಣಗಲಿ, ಹ್ಯಾಂಡಲ್ ಎಡಕ್ಕೆ ಪೂರ್ತಿ ತಿರುಗಿಸಿ ಎಕ್ಸಲೇಟರ್ ಬಿಡಿ. ಬಲಕ್ಕೆ ತಿರುಗಿಸಿ ಬಿಡಿ. ನೇರವಾಗಿಟ್ಟು ಬಿಡಿ. ಮೂರೂ ಸಲ ಟಪ್ ಎಂದು ವಾಪಸ್ ಬರಬೇಕು. ಗಾಡಿ ನ್ಯೂಟ್ರಲ್‌ನಲ್ಲಿ ಚಾಲೂ ಇಟ್ಟು ಹ್ಯಾಂಡಲ್ ಆ ತುದಿಯಿಂದ ಈ ತುದಿಗೆ ತಿರುಗಿಸಿ. ಎಂಜಿನ್ ಸೌಂಡ್ ತಾನಾಗಿ ಏರಿದರೆ ಕೇಬಲ್ ಎಲ್ಲೋ ಎಳೆದುಕೊಂಡಿದೆ. ಯೂ ಟರ್ನ್ ಮಾಡುವಾಗ ಗಾಡಿ ತಾನೇ ಮುಂದೆ ನುಗ್ಗುವುದು ಇದರಿಂದಲೇ. ಕ್ಲಚ್ ಲಿವರ್ ತುದಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಗಾಡಿಯ ಪುಸ್ತಕದಲ್ಲಿ ಬರೆದಿರುತ್ತಾರೆ, ಹಲವು ಗಾಡಿಗಳಲ್ಲಿ 10ರಿಂದ 20 ಮಿಲಿಮೀಟರ್ ಆಸುಪಾಸು. ಬ್ರೇಕ್ ಪೈಪು ಪಟ್ಟಿಯ ಅಡಿಗೆ ಸಿಕ್ಕಿ ನಜ್ಜಾಗಬಾರದು, ಗಾರ್ಡು ಟ್ಯಾಂಕಿಗೆ ತಾಗಬಾರದು. ನಮ್ಮ ರಸ್ತೆಗಳಲ್ಲಿ ಕೆಲವು ದಿನ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿ. ಸಡಿಲ ಆಗಿರುತ್ತವೆ.

ಪಟ್ಟಿಯೊಳಗೆ ಬೀಳುವಾಗ ಕೈ ಸಿಕ್ಕಿಕೊಳ್ಳಬಹುದು ಎಂದು ಕೆಲವರು ಹೇಳುತ್ತಾರೆ. ಅದು ತಳ್ಳಿಹಾಕುವ ಮಾತಲ್ಲ. ಜಾಲಿ, ಕಬ್ಬು, ಒಳದಾರಿ ನಿಮಗಿಲ್ಲದಿದ್ದರೆ, ಜಗತ್ ಸರ್ಕಲ್‌ನಿಂದ ರಿಂಗ್ ರೋಡ್ ತನಕ ಮಾತ್ರ ನಿಮ್ಮ ಓಡಾಟವಾದರೆ, ಹಾಕಿಸಬೇಡಿ. ಒಂದು ಜೊತೆ ಒಳ್ಳೆ ಕೈಗವಸು ಕೊಳ್ಳಿ. ಗಾರ್ಡ್ ಇದ್ದರೂ ಅದು ಬೇಕು.

"ಗೌರ್ಮೆಂಟ್ ಬಂದ್ ಮಾಡ್ಯಾರಲ್ರೀ ಗಾರ್ಡ್?" ಎಂದು ಕೇಳುವವರಿಗೆ: 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಕ್ರಮ ಕೈಗೊಳ್ಳಲು ಹೇಳಿದ್ದು ಕಾರು, ಜೀಪುಗಳ ಮುಂದೆ ಕಟ್ಟುವ ಲೋಹದ ಗಾರ್ಡಿನ, ಅಂದರೆ ಬುಲ್ ಬಾರ್‌ನ ಮೇಲೆ. ನಿಮ್ಮ ಭಾವನ ಬೊಲೆರೋ ನೋಡಿ, ಆಮೇಲೆ ನನ್ನ ಹತ್ತಿರ ಬನ್ನಿ.

ಎಷ್ಟು ಬಿತ್ತು ಎಂಬುದಕ್ಕೆ: ಸಾವಿರದೊಳಗೂ ಸಿಗುತ್ತವೆ, ನಾಲ್ಕೈದು ಸಾವಿರದವೂ ಇವೆ. ಪ್ಲಾಸ್ಟಿಕ್ ಅಗ್ಗದ್ದಾದರೆ ನಡೆಯುತ್ತದೆ, ಕ್ಲಾಂಪು ಬೋಲ್ಟು ಅಗ್ಗದ್ದಾದರೆ ನಡೆಯುವುದಿಲ್ಲ. ಅಗ್ಗದವುಗಳಲ್ಲಿ ನೀಲಿ ಎಲ್‌ಇಡಿ ಮಿಣುಕುವ ಒಂದು ಜಾತಿ ಇದೆ. ಹಾರ್ನ್ ವೈರಿಗೆ ಜೋಡಿಸಿ ಕೊಡುತ್ತಾರೆ, ಮೊದಲ ಮಳೆಗೆ ಹಾರ್ನೂ ಹೋಗುತ್ತದೆ. ಅದನ್ನು ಹಾಕಿಸಿಕೊಂಡವರನ್ನು ಲಡಾಖ್, ಶೋಕಿ, ಎಮ್ಮೆ ಏನು ಬೇಕಾದರೂ ಕೇಳಿ. ನಾನೂ ನಿಮ್ಮ ಜೊತೆ ನಿಂತು ನಗುತ್ತೇನೆ.