ಮಹಡಿ ಕೋಣೆಯ ವೈಫೈ: ಈವರೆಗಿನ ರಿಪೇರಿ ಟಿಪ್ಪಣಿ

30×40 ಸೈಟಿನ ಎರಡಂತಸ್ತಿನ ಮನೆ, ನಡುವೆ ಆರ್‌ಸಿಸಿ ಮೋಲ್ಡ್. ಫೈಬರ್ ಬಾಕ್ಸ್ ಕೆಳಗೆ, ಹಾಲಿನ ಟಿವಿ ಹಿಂದೆ. ತೊಂದರೆ ಎರಡು ಬಗೆಯದು: ಸಂಜೆಯಾದರೆ ಮಹಡಿಯಲ್ಲಿ ವಿಡಿಯೊ ಕಾಲ್ ತುಂಡು ತುಂಡಾಗುತ್ತದೆ, ದಿನಕ್ಕೆ ಒಂದೆರಡು ಸಲ ಇಡೀ ಮನೆಗೇ ನೆಟ್ ಹೋಗಿ, ತಾನಾಗಿ ಬರುತ್ತದೆ.

ದಿನ 1

ಏನನ್ನೂ ಮುಟ್ಟುವ ಮೊದಲು ಎರಡು ಪಿಂಗ್ (ಒಂದು ವಿಳಾಸಕ್ಕೆ ಚಿಕ್ಕ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡುವ ಪರೀಕ್ಷೆ). ಮಹಡಿಯ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ಎರಡು ಸಲ ತೆರೆದು, ಒಂದರಲ್ಲಿ ಬಾಕ್ಸಿನ ವಿಳಾಸ 192.168.1.1ಕ್ಕೆ, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಬಿಟ್ಟದ್ದು. ಕೊನೆಗೆ ಡ್ಯಾಶ್ ಟಿ ಸೇರಿಸಿದರೆ ನಾವಾಗಿ ನಿಲ್ಲಿಸುವವರೆಗೆ ಓಡುತ್ತದೆ. ಮೊದಲನೆಯದೇ ಎಡವಿದರೆ ದೋಷ ಮನೆಯೊಳಗಿನ ವೈಫೈಯದು. ಅದು ನೆಟ್ಟಗಿದ್ದು ಎರಡನೆಯದು ಮಾತ್ರ ನಿಂತರೆ ಹೊರಗಿನ ಲೈನಿನದು. ಇಷ್ಟು ತಿಳಿಯದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಸಿಗುವ ಉತ್ತರ ಒಂದೇ: "ಆಫ್ ಮಾಡಿ ಆನ್ ಮಾಡಿ ಸರ್."

ಏಳೂವರೆಗೆ ಮೊದಲ ಪಿಂಗ್ 3 ಮಿಲಿಸೆಕೆಂಡಿನಿಂದ 400, 900ಕ್ಕೆ ಹಾರಿತು, ನಡುನಡುವೆ ಟೈಮ್ಡ್ ಔಟ್. ಇದು ವೈಫೈಯದೇ. 8:10ಕ್ಕೆ ಎರಡೂ ಒಟ್ಟಿಗೆ ಸತ್ತವು. ಪಟ್ಟಿಯಲ್ಲಿ ವೈಫೈ ಹೆಸರೇ ಮಾಯ. ಫೈಬರ್ ಕಡಿದಿದ್ದರೆ ಬಾಕ್ಸಿನ ಎಲ್‌ಓಎಸ್ (ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದು ತೋರಿಸುವ) ದೀಪ ಕೆಂಪಾಗುತ್ತಿತ್ತು, ಹೆಸರು ಉಳಿಯುತ್ತಿತ್ತು. ಬಾಕ್ಸಿನ ಸ್ಟೇಟಸ್ ಪುಟದಲ್ಲಿ ಅಪ್‌ಟೈಮ್ (ಆನ್ ಆಗಿ ಕಳೆದ ಸಮಯ) 4 ನಿಮಿಷ. ಅಂದರೆ ಬಾಕ್ಸೇ ರೀಸ್ಟಾರ್ಟ್ ಆಗಿದೆ.

ದಿನ 3

ಬಾಕ್ಸಿನ ತಳದ ಲೇಬಲ್: 12 ವೋಲ್ಟ್, 1.5 ಆಂಪಿಯರ್. ಸಿಕ್ಕಿಸಿದ್ದ ಅಡಾಪ್ಟರ್ ಹಳೆಯ ಸೆಟ್‌ಟಾಪ್ ಬಾಕ್ಸಿನದು, 1 ಆಂಪಿಯರಿನದು. ಬಿಚ್ಚಿ ಮಲ್ಟಿಮೀಟರ್ ಹಿಡಿದರೆ 12.2. ಮೋಸ ಹೋಗುವುದು ಇಲ್ಲೇ: ಹೊರೆ ಇಲ್ಲದಾಗ ಸೋತ ಅಡಾಪ್ಟರೂ ಹನ್ನೆರಡೇ ತೋರಿಸುತ್ತದೆ. 5.5×2.1 ಮಿ.ಮೀ. ಪಿನ್ನಿನ ಗಂಡು-ಹೆಣ್ಣು ಜೋಡಿ ವೈರನ್ನು ನಡುವೆ ಹಾಕಿ, ಬಾಕ್ಸ್ ಓಡುವಾಗಲೇ ಅಳೆದರೆ 11.1. ಎರಡು ಫೋನಿನಲ್ಲಿ ಡೌನ್‌ಲೋಡ್ ಹಚ್ಚಿದಾಗ 10.3. ಅಗ್ಗದ ಮೀಟರು ಸೆಕೆಂಡಿಗೆ ಎರಡು ಮೂರು ಸಲವಷ್ಟೇ ಓದುವುದರಿಂದ, ನಿಜವಾದ ತಳ ಇನ್ನೂ ಕೆಳಗಿದ್ದೀತು.

2 ಆಂಪಿಯರಿನ ಹೊಸದು ಹಾಕಿದ ಮೇಲೆ ಹೊರೆಯಲ್ಲೂ 11.9. ಆಂಪಿಯರ್ ಹೆಚ್ಚಿದ್ದರೆ ಅಡ್ಡಿಯಿಲ್ಲ. ವೋಲ್ಟ್ ಮಾತ್ರ ಅಷ್ಟೇ ಇರಬೇಕು, ಪ್ಲಸ್ಸು ಪಿನ್ನಿನ ನಡುವೆಯೋ ಹೊರಗೋ ಎಂದು ಎರಡೂ ಲೇಬಲ್ಲುಗಳ ಚಿತ್ರ ಹೋಲಿಸಿಕೊಳ್ಳಬೇಕು. ಅಂದಿನಿಂದ ರೀಸ್ಟಾರ್ಟ್ ಇಲ್ಲ.

ದಿನ 6

ವೈಫೈ ಅನಲೈಸರ್ ಆ್ಯಪಿನಲ್ಲಿ ಹಾಲಿನಲ್ಲಿ −45 ಡಿಬಿಎಂ (ಸಿಗ್ನಲ್ಲಿನ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು). ಮಹಡಿಯಲ್ಲಿ ವೈಫೈಯ ಎರಡು ಬ್ಯಾಂಡುಗಳ ಪೈಕಿ 2.4 ಗಿಗಾಹರ್ಟ್ಸ್ −71, 5 ಗಿಗಾಹರ್ಟ್ಸ್ −82. ವಿಡಿಯೊ ಕಾಲಿಗೆ −67ರ ಆಸುಪಾಸಾದರೂ ಬೇಕು. 2.4ರಲ್ಲಿ ಬಾಕ್ಸ್ ತಾನೇ ಆರಿಸಿಕೊಂಡದ್ದು ಚಾನೆಲ್ 3, ಅಗಲ 40 ಮೆಗಾಹರ್ಟ್ಸ್. ನೆರೆಹೊರೆಯವರೆಲ್ಲ 1 ಮತ್ತು 6ರಲ್ಲಿ. ಒಂದೇ ಚಾನೆಲ್ಲಿನ ಬಾಕ್ಸುಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿ ಕಾಯುತ್ತವೆ. ನಡುವೆ 3ರಲ್ಲಿ ಕೂತರೆ ಎರಡೂ ಕಡೆಯದು ಬರೀ ಗದ್ದಲ. ಚಾನೆಲ್ 11, ಅಗಲ 20 ಮಾಡಿದ ಮೇಲೆ ಸಂಜೆಯ ಪಿಂಗ್ 30ರೊಳಗೆ ಬಂತು.

ಬಾಕ್ಸನ್ನು ಟಿವಿ ಹಿಂದಿನಿಂದ ತೆಗೆದು ಗೋಡೆಗೆ, ಐದಡಿ ಎತ್ತರಕ್ಕೆ ಏರಿಸಿದ್ದಾಯಿತು. ಫೈಬರ್ ವೈರನ್ನು ಕಾಫಿ ಲೋಟದ ಬಾಯಿಗಿಂತ ಕಿರಿದಾಗಿ ಸುತ್ತಬಾರದು. ಹಸಿರು ಕನೆಕ್ಟರಿನ ಬಿಳಿ ತುದಿಗೆ ಬೆರಳು ತಾಗಿಸಬಾರದು, ಬೆರಳಿನ ಜಿಡ್ಡೇ ಬೆಳಕು ತಿನ್ನುತ್ತದೆ. ಆಪ್ಟಿಕಲ್ ಪವರ್ (ಫೈಬರಿನಲ್ಲಿ ಬಾಕ್ಸಿಗೆ ತಲುಪುವ ಬೆಳಕಿನ ಬಲ, ಇದೂ ಡಿಬಿಎಂನಲ್ಲಿ) ಜಾಗ ಬದಲಿಸುವ ಮೊದಲು −21.3, ಆಮೇಲೆ −21.5. −27ರ ಹತ್ತಿರ ಹೋದರೆ ಮಾತ್ರ ಲೈನ್‌ಮ್ಯಾನ್ ಬರಬೇಕು.

ದಿನ 11

5 ಗಿಗಾಹರ್ಟ್ಸ್ ಮೋಲ್ಡ್ ದಾಟದು. ರಿಪೀಟರ್ ಬೇಡ, −82ರಲ್ಲಿ ಕೇಳಿದ್ದನ್ನೇ ಅದು ಮತ್ತೆ ಕೂಗುತ್ತದೆ, ಅಷ್ಟೆ. ಹಳೆಯ ಕೇಬಲ್ ಟಿವಿ ಪೈಪಿನಲ್ಲಿ 18 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದು, ಮೇಲೆ ಹಳೆಯ ರೌಟರನ್ನು ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹರಡುವ ಪೆಟ್ಟಿಗೆ) ಮಾಡಿದ್ದು. ಕರೆಂಟ್ ವೈರಿನ ಪೈಪಿನಲ್ಲಿ ಎಳೆಯಬೇಡಿ. ಅನುಕ್ರಮ ಮುಖ್ಯ: ಮೊದಲು ರೌಟರಿನ ವಿಳಾಸ 192.168.1.2 ಮಾಡಿ, ಆಮೇಲೆ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್, ಕೊನೆಗೆ ಕೇಬಲ್ಲನ್ನು ರೌಟರಿನ ವ್ಯಾನ್ (ಹೊರಗಿನ ನೆಟ್ ಬರುವ) ಪೋರ್ಟಿಗಲ್ಲ, ಲ್ಯಾನ್ (ಮನೆಯೊಳಗಿನ) ಪೋರ್ಟಿಗೆ.

ಕೇಬಲ್ಲಿನ ಲಿಂಕ್ ವೇಗ 1000 ಎಂಬಿಪಿಎಸ್‌ನ ಬದಲು 100ಕ್ಕೆ ನಿಂತಿತು. ಕೇಬಲ್ಲಿನೊಳಗಿನ ನಾಲ್ಕು ಜೋಡಿ ಎಳೆಗಳಲ್ಲಿ 100ಕ್ಕೆ ಕಿತ್ತಳೆ, ಹಸಿರು ಜೋಡಿಗಳೇ ಸಾಕು. 1000ಕ್ಕೆ ನಾಲ್ಕೂ ಜೋಡಿ ಬೇಕು. ಮೇಲಿನ ತುದಿಯ ಪ್ಲಗ್ಗಿನಲ್ಲಿ ನೀಲಿ ಎಳೆ ಮುಂದಿನ ಗೋಡೆ ಮುಟ್ಟದೆ ಎರಡು ಮಿ.ಮೀ. ಹಿಂದೆಯೇ ಉಳಿದಿತ್ತು, ಪಿನ್ ಅದನ್ನು ಕಚ್ಚಿರಲಿಲ್ಲ. ಕತ್ತರಿಸಿ, ಹೊಸ ಪ್ಲಗ್ ಒತ್ತಿ ಮತ್ತೆ ಕ್ರಿಂಪ್, ಎಳೆಗಳ ಸಾಲು ಹೀಗೆ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. 1000 ಬಂತು.

ಈಗಿನ ಸ್ಥಿತಿ

5 ಗಿಗಾಹರ್ಟ್ಸ್ ಕೆಳಗೆ ಚಾನೆಲ್ 36, ಮೇಲೆ 149. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ. ನಿನ್ನೆ ಸಂಜೆ ಮೂರು ಗಂಟೆಯ 10,800 ಪಿಂಗ್‌ಗಳಲ್ಲಿ ಕಳೆದದ್ದು 4. ಬಾಕಿ ಇರುವುದು ಒಂದು: ಮೆಟ್ಟಿಲು ಹತ್ತಿದ ಮೇಲೂ ಒಂದು ಫೋನ್ ಕೆಳಗಿನ ಬಾಕ್ಸನ್ನೇ −76ರಲ್ಲಿ ಹಿಡಿದು ನೇತಾಡುತ್ತದೆ. ಅದು ಮೇಲಿನದಕ್ಕೆ ಬದಲಾಗಲೆಂದು ಕೆಳಗಿನ 2.4ರ ಟ್ರಾನ್ಸ್‌ಮಿಟ್ ಪವರ್ ಮೀಡಿಯಂಗೆ ಇಳಿಸಿಟ್ಟಿದೆ. ಭಾನುವಾರ ಮತ್ತೆ ಅಳತೆ.