ವ್ಹಾರಮ್ ಪರ್ಸಿ ಚರ್ಚ್ ಮಾಡೆಲ್: ಇಲ್ಲೀತನಕ ಎಷ್ಟಾಯ್ತು

ಮೊನ್ನೆ ಭಾನುವಾರ ಉತ್ತರದ ಗೋಡೆ ಮುಗೀತು, ಅದಕ್ಕೇ ಇವತ್ತು ಬರೀತಾ ಕೂತಿದೀನಿ. ಹೊಸದಾಗಿ ಓದ್ತಿರೋರಿಗೆ ಹೇಳ್ಬೇಕಂದ್ರೆ, ನಾನು ಮಾಡ್ತಿರೋದು ನಾರ್ತ್ ಯಾರ್ಕ್‌ಶೈರ್‌ನ ವ್ಹಾರಮ್ ಪರ್ಸಿ ಅನ್ನೋ ಊರಿನ ಸೇಂಟ್ ಮಾರ್ಟಿನ್ ಚರ್ಚಿನ ರಟ್ಟಿನ ಮಾಡೆಲ್, 1:100 ಅಳತೇಲಿ. ಊರು ಅಂದೆ, ಆದ್ರೆ ಅಲ್ಲಿ ಊರಿಲ್ಲ. ನಮ್ ಕಡೆ ಕಂದಾಯ ದಾಖಲೇಲಿ ಬೇಚರಾಕ್ ಗ್ರಾಮ ಅಂತ ಬರ್ದಿರ್ತಾರಲ್ಲ, ಹೆಸರಿದೆ, ಎಲ್ಲೆ ಇದೆ, ದೀಪ ಹಚ್ಚೋರಿಲ್ಲ, ಹಾಗೆ. 1500ರ ಆಸುಪಾಸಲ್ಲೇ ಕೊನೇ ಮನೆಗಳು ಖಾಲಿಯಾದ್ವು. ನಾನಿರೋದು ಲೀಡ್ಸ್‌ನಲ್ಲಿ, ಎರಡು ಸಲ ಹೋಗಿ ನೋಡ್ಕೊಂಡು ಬಂದೆ. ಕಾರು ನಿಲ್ಸಿ ಇಳಿಜಾರಲ್ಲಿ ನಡ್ಕೊಂಡು ಹೋಗ್ಬೇಕು. ಮೇಲಿನ ಬಯಲಲ್ಲಿ ಹುಲ್ಲಿನ ಕೆಳಗೆ ಮನೆಗಳ ಪಾಯ ಸಾಲಾಗಿ ಉಬ್ಬಿಕೊಂಡಿರತ್ತೆ, ಜನ ತುಳಿದೂ ತುಳಿದೂ ಸವೆದ ಹಳೇ ದಾರಿ ತಗ್ಗಾಗಿ ಕಾಣತ್ತೆ, ಕೆಳಗೆ ಕಣಿವೇಲಿ ಸೂರಿಲ್ಲದ ಚರ್ಚು.

ಶುರು ಮಾಡ್ದಾಗ ಈಗ ಹೇಗಿದೆಯೋ ಹಾಗೇ ಕಟ್ಟಿ ಮುಗಿಸೋಣ ಅಂತಿತ್ತು ಪ್ಲಾನು. ಆದ್ರೆ ಗೋಡೆ ಎದುರು ನಿಂತಾಗ ಕಣ್ಣಿಗೆ ಬಿದ್ದಿದ್ದು ಕಮಾನುಗಳು, ಅವನ್ನೆಲ್ಲ ಕಲ್ಲು ತುಂಬಿ ಮುಚ್ಚಿದಾರೆ. ಯಾಕೆ ಅಂತ ಓದ್ತಾ ಹೋದ್ಮೇಲೆ ಇಡೀ ಪ್ಲಾನೇ ಬದಲಾಯ್ತು. ಮೊದಲು ಅಲ್ಲಿದ್ದಿದ್ದು ಪುಟ್ಟದೊಂದು ಮರದ ಚರ್ಚು, ಆಮೇಲೆ ಕಲ್ಲಿಂದು, 12ನೇ ಶತಮಾನದಲ್ಲಿ ಇನ್ನೂ ದೊಡ್ಡದು, ಜನ ಹೆಚ್ಚಾದ ಹಾಗೆ ದಕ್ಷಿಣಕ್ಕೊಂದು ಪಡಸಾಲೆ, ಅದೂ ಸಾಲದೆ ಉತ್ತರಕ್ಕೊಂದು. ಗೋಡೆ ಒಡೆದು ಕಮಾನು ಮಾಡಿದ್ದೇ ಆ ಪಡಸಾಲೆಗಳಿಗೆ ಹೋಗೋಕೆ. ಆಮೇಲೆ 1348-49ರ ಮಹಾ ಪ್ಲೇಗು, ಅದ್ರಲ್ಲಿ ಊರು ಪೂರ್ತಿ ಅಳಿಸಿಹೋಯ್ತು ಅಂತ ತುಂಬ ಜನ ಅಂದ್ಕೊಂಡಿದಾರೆ, ಅದು ತಪ್ಪು, ಪ್ಲೇಗ್ ಆದ್ಮೇಲೂ ನೂರೈವತ್ತು ವರ್ಷ ಜನ ಅಲ್ಲಿ ಬಾಳಿದಾರೆ, ಆದ್ರೆ ಕಮ್ಮಿ ಆಗ್ತಾ ಹೋದ್ರು. ಕೊನೆಗೆ ಉಳುಮೆಗಿಂತ ಕುರಿ ಉಣ್ಣೇಲಿ ಲಾಭ ಅಂತ ಜಮೀನುದಾರರು ಉಳಿದವರನ್ನೂ ಎಬ್ಬಿಸಿ ಹೊಲ ಎಲ್ಲ ಹುಲ್ಲುಗಾವಲು ಮಾಡಿದ್ರು. ಜನ ಕರಗಿದ ಹಾಗೆ ಪಡಸಾಲೆಗಳನ್ನ ಕೆಡವಿದ್ರು, ಕಮಾನು ಮುಚ್ಚಿದ್ರು. ಅಂದ್ರೆ ಊರಲ್ಲಿ ಎಷ್ಟು ಜನ ಇದ್ರು ಅನ್ನೋದನ್ನ ಆ ಗೋಡೇನೇ ಬರೆದಿಟ್ಟಿದೆ. ಇದನ್ನ ಒಂದೇ ಕಾಲದ ಮಾಡೆಲ್ ಮಾಡಿದ್ರೆ ಏನು ಬಂತು? ಅದಕ್ಕೇ ಈಗ ಪಡಸಾಲೆ ಎರಡನ್ನೂ ತೆಗೆದು ಹಾಕೋ ಹಾಗೆ, ಬುಡಕ್ಕೆ ಸಣ್ಣ ಮ್ಯಾಗ್ನೆಟ್ ಇಟ್ಟು ಮಾಡ್ತಿದೀನಿ.

ಜಾಸ್ತಿ ಟೈಮ್ ತಗೊಂಡಿದ್ದು ಈ ಮುಚ್ಚಿದ ಕಮಾನುಗಳೇ. ಗೋಡೆಗೆ 2 ಮಿ.ಮೀ. ರಟ್ಟು, ಕಮಾನಿನ ಒಳಗೆ ತುಂಬೋಕೆ ಒಂದೂವರೆ ಮಿ.ಮೀ. ದು, ಅರ್ಧ ಮಿ.ಮೀ. ಒಳಗೆ ಸರಿದು ಕೂರತ್ತೆ, ಪಕ್ಕದಿಂದ ಬೆಳಕು ಬಿಟ್ರೆ ಕಮಾನಿನ ಗೆರೆ ನೆರಳಾಗಿ ಮೂಡತ್ತೆ. ಕಲ್ಲಿನ ತರಿ ಬರ್ಲಿ ಅಂತ ಅಂಟಿಗೆ ಸೀಮೆಸುಣ್ಣದ ಪುಡಿ ಕಲಸಿ ಬ್ರಷ್‌ನಲ್ಲಿ ಕುಟ್ಟಿದೆ. ಮೊದಲನೇ ಗೋಡೆಗೆ ಒಂದೇ ಕಡೆ ಬಳಿದಿದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಹಪ್ಪಳದ ಹಾಗೆ ಸೊಟ್ಟಗಾಗಿತ್ತು, ನಾಲ್ಕು ದಿನದ ಕೆಲಸ ಹೋಯ್ತು, ತುಂಬಾ ಬೇಜಾರಾಯ್ತು. ಎರಡನೇದಕ್ಕೆ ಎರಡೂ ಕಡೆ ಬಳಿದು ಮೇಲೆ ಭಾರ ಇಟ್ಟೆ, ನೆಟ್ಟಗಿದೆ.

ಅಳತೆ ಗೊತ್ತಾಗ್ಲಿ ಅಂತ ಪಕ್ಕದಲ್ಲಿ ನಿಲ್ಸೋಕೆ ಪುಟ್ಟ ಮನುಷ್ಯರನ್ನೂ ಕತ್ತರಿಸ್ತಿದೀನಿ. ಇಲ್ಲಿ ಅಗೆತದ ವಿಷ್ಯ ಹೇಳ್ಲೇಬೇಕು. ಮಾರಿಸ್ ಬೆರೆಸ್‌ಫರ್ಡ್ ಅನ್ನೋ ಇತಿಹಾಸಕಾರರು, ಜಾನ್ ಹರ್ಸ್ಟ್ ಅನ್ನೋ ಪುರಾತತ್ವದವರು ಸೇರಿ 1950ರಿಂದ 1990ರ ತನಕ, ನಲವತ್ತು ವರ್ಷ, ಬೇಸಿಗೆ ಬೇಸಿಗೆಗೆ ವಾಲಂಟಿಯರ್‌ಗಳನ್ನ ಕಟ್ಕೊಂಡು ಅಲ್ಲಿ ಅಗೆದ್ರು. ರಾಜರ ಅರಮನೆಗಲ್ಲ ಸ್ವಾಮಿ, ರೈತರ ಮನೆಗಳಿಗೆ! ಚರ್ಚಿನ ಅಂಗಳದಲ್ಲಿ ಹತ್ತತ್ರ 700 ಜನರ ಅಸ್ಥಿ ಸಿಕ್ತು. ಅದ್ರಿಂದ ಗೊತ್ತಾಗಿದ್ದು, ಮಕ್ಕಳಿಗೆ ಹೆಚ್ಚುಕಮ್ಮಿ ಒಂದೂವರೆ ವರ್ಷದ ತನಕ ಎದೆಹಾಲು ಕೊಡ್ತಿದ್ರು, ಆ ಹಂತ ದಾಟಿದ್ಮೇಲೆ ಬೆಳವಣಿಗೆ ಕುಂಠಿತ ಆಗ್ತಿತ್ತು, 14 ವರ್ಷದ ಮಗು ಈಗಿನ 10 ವರ್ಷದ ಮಗುವಿನಷ್ಟೇ ಎತ್ತರ ಇರ್ತಿತ್ತು. ಇದನ್ನ ಓದೋಕೆ ಮುಂಚೆ ನಾನು ಹದಿನಾಲ್ಕರ ಹುಡುಗ ಅಂತ ಒಂದು ಗೊಂಬೆನ 1.6 ಸೆಂ.ಮೀ. ಗೆ ಕತ್ತರಿಸಿಟ್ಟಿದ್ದೆ. ಓದಿದ್ಮೇಲೆ ಬ್ಲೇಡ್ ತಗೊಂಡು 1.4ಕ್ಕೆ ಇಳಿಸ್ದೆ. ಎರಡು ಮಿಲಿಮೀಟರ್ ರಟ್ಟು, ಕೈ ಬೆರಳಿಗೆ ಅಂಟಿಕೊಂಡಿತ್ತು, ಎಸೆಯೋಕೆ ಮನಸ್ಸೇ ಬರ್ಲಿಲ್ಲ.

ಇನ್ನು ಗೋಪುರ. ಅದು 1959ರಲ್ಲಿ ಅರ್ಧ ಕುಸಿದು ಬಿತ್ತು, ಅದಕ್ಕೂ ಮುಂಚೆ ಸೂರಿನ ಮೇಲಿನ ಸೀಸದ ತಗಡು ಯಾರೋ ಕದ್ದಿದ್ರು. ಅದನ್ನೂ ಎರಡು ಹೋಳಾಗಿ ಮಾಡ್ತೀನಿ, ಬಿದ್ದ ಹೋಳು ಕೈಯಲ್ಲಿ ತೆಗೆಯೋ ಹಾಗೆ. ನಕ್ಷೆ ಆಗಿದೆ, ಕತ್ತರಿಸೋದು ಬಾಕಿ.

ಇನ್ನೊಂದು ವಿಷ್ಯ ತಡವಾಗಿ ಹೊಳೀತು. ಊರು ಹೋದ್ಮೇಲೂ ಚರ್ಚಲ್ಲಿ ಪ್ರಾರ್ಥನೆ ನಿಲ್ಲಲಿಲ್ಲ, ನೆರೆಯ ಥಿಕ್ಸೆಂಡೇಲ್‌ನವರಿಗೆ ಇದೇ ಚರ್ಚು, 1870ರಲ್ಲಿ ಅವ್ರ ಊರಲ್ಲೇ ಒಂದು ಕಟ್ಟೋ ತನಕ. ಮುನ್ನೂರಕ್ಕೂ ಹೆಚ್ಚು ವರ್ಷ ಪ್ರಾರ್ಥನೆಗೂ ಮಣ್ಣು ಮಾಡೋಕೂ ಗುಡ್ಡ ದಾಟಿ ಇಲ್ಲಿಗೇ ಬರ್ತಿದ್ರು, ಅವ್ರ ಸಮಾಧಿ ಕಲ್ಲುಗಳು ಈಗ್ಲೂ ಅಂಗಳದಲ್ಲಿವೆ. ಹಾಗಾಗಿ ಅವ್ರು ಬರ್ತಿದ್ದ ಕಾಲುದಾರೀನೂ ಮಾಡೆಲ್‌ನಲ್ಲಿ ಬರ್ಬೇಕು. ನನ್ನ ಬೇಸ್ ಬೋರ್ಡ್‌ನಲ್ಲಿ ಅದಕ್ಕೆ ಜಾಗ ಇಲ್ಲ, ಈ ಶನಿವಾರ ಹತ್ತು ಸೆಂ.ಮೀ. ಅಗಲದ ಪ್ಲೈವುಡ್ ಪಟ್ಟಿ ತಂದು ಜೋಡಿಸ್ಬೇಕು.