ಅದು ಕಥೆ ಅಲ್ಲ ಸರ್, ನಮ್ಮಜ್ಜಿ

ಕಳೆದ ಭಾನುವಾರ ಮುಂಬಯಿಯ ಮಾಟುಂಗದಲ್ಲಿ ಮಕ್ಕಳಿಗೆ ಕಥೆ ಬರೆಯೋದು ಹೇಳಿಕೊಡಲು ಹೋಗಿದ್ದೆ. 12 ಮಕ್ಕಳು. 11 ಹಾಳೆಗಳಲ್ಲಿ ಕಾಡು, ರಾಜಕುಮಾರಿ, ಭೂತಬಂಗಲೆ. ಡೊಂಬಿವಲಿಯ ಹುಡುಗನೊಬ್ಬನ ಹಾಳೆ ಮಾತ್ರ ಖಾಲಿ.

"ನಮ್ಮನೇಲಿ ಏನೂ ನಡೆಯೋದೇ ಇಲ್ಲ ಸರ್."

"ಇವತ್ತು ಇಲ್ಲಿಗೆ ಹೇಗೆ ಬಂದೆ?"

"ಅಜ್ಜಿ ಜೊತೆ, ಲೋಕಲ್ ಟ್ರೈನ್‌ನಲ್ಲಿ. ಅಜ್ಜಿ ಅನೌನ್ಸ್‌ಮೆಂಟಿಗೆಲ್ಲ ಉತ್ತರ ಕೊಡ್ತಾರೆ. ನಂಗೆ ನಾಚಿಕೆ."

ಮೊದಲು ಮರಾಠಿಯಲ್ಲಿ 'ಪುಢೀಲ್ ಸ್ಟೇಷನ್ ಕುರ್ಲಾ.' ಹಿಂದೆಯೇ 'ಅಗ್ಲಾ ಸ್ಟೇಷನ್', ಆಮೇಲೆ 'ನೆಕ್ಸ್ಟ್ ಸ್ಟೇಷನ್'. ಕುಂದಾಪುರದ ಆ ಅಜ್ಜಿ ಮೂರಕ್ಕೂ "ಆಯ್ತ್ ಮಾರಾಯ್ತಿ" ಅನ್ನುತ್ತಾರಂತೆ.

"ಮಾತಾಡಿಸಿದವರಿಗೆ ಉತ್ತರ ಕೊಡ್ಬೇಕಲ್ವಾ ಅಂತಾರೆ. ಹಗಲು ಮನೇಲಿ ಯಾರೂ ಇರಲ್ಲ ಸರ್, ಅದಕ್ಕೇ ಇರಬೇಕು."

ಇದನ್ನೇ ಬರಿಯೋ ಅಂದೆ.

"ಅದು ಕಥೆ ಅಲ್ಲ ಸರ್, ನಮ್ಮಜ್ಜಿ."

ವಾಪಸ್ ಬರುವಾಗ ಸ್ಲೋ ಲೋಕಲ್. ಮಾಟುಂಗದಿಂದ ಮುಲುಂಡ್‌ಗೆ 9 ಸ್ಟೇಷನ್. ಮೂರು ಭಾಷೆಯಲ್ಲಿ 27 ಸಲ ಅನೌನ್ಸ್‌ಮೆಂಟಿನ ಹೆಂಗಸು ಮಾತಾಡಿಸಿದಳು. 27 ಸಲವೂ ಹುಡುಗನ ಮಾತೇ ಕೇಳಿಸಿತು. ಅದು ಕಥೆ ಅಲ್ಲ ಸರ್.

ಅವನನ್ನು ಬೈಯುವುದು ಹೇಗೆ? ಇದೇ ಊರಲ್ಲಿ ಒಂದು ಕೋಣೆಗೆ ಐವರು, ಒಂದೇ ಮಂಚದಲ್ಲಿ ಪಾಳಿ ಹಾಕಿ ಮಲಗುತ್ತಿದ್ದಾಗ ನಾನು ಬರೆದದ್ದೆಲ್ಲ ಅಡಿಕೆ ತೋಟ, ಮಳೆ, ಬಾವಿಕಟ್ಟೆ. ಮಂಚದ ಬಗ್ಗೆ ಒಂದು ಸಾಲೂ ಇಲ್ಲ. ಅದರ ಬಗ್ಗೆ ನನಗೂ ನಾಚಿಕೆಯೇ ಇತ್ತು.

'ಸುತ್ತ ನೋಡಿ, ಕಥೆ ಸಿಗುತ್ತೆ' ಎಂದು ಮಕ್ಕಳಿಗೆ ಹೇಳಿದ್ದು ದಂಡ. ಸುತ್ತ ನೋಡಿದರೆ ಫ್ಯಾನು, ಗೋಡೆ. ನಿಮಗೆ ನಾಚಿಕೆ ತರಿಸುವವರು ಮನೆಯಲ್ಲಿ ಯಾರು, ಅವರು ಏನಂತಾರೆ, ಅದನ್ನು ಅವರದೇ ಮಾತಿನಲ್ಲಿ ಇವತ್ತೇ ಬರೆದಿಡಿ ಅನ್ನಬೇಕಿತ್ತು. ನಾಳೆಗೆ 'ಆಯ್ತ್ ಮಾರಾಯ್ತಿ' ಹೋಗಿ 'ಅಜ್ಜಿ ಉತ್ತರಿಸಿದರು' ಅಂತಾಗಿರುತ್ತದೆ.

ಹಿಂದೆ ಕೂತ ತಾಯಂದಿರನ್ನು ಚಹಾಕ್ಕೆ ಕಳಿಸಬೇಕಿತ್ತು, ಅದೂ ತಪ್ಪಾಯಿತು. ಒಂದು ಹುಡುಗಿ ಕಿಟಕಿಯ ಪಾರಿವಾಳ ಅಂತ ಬರೆದಿದ್ದಳು. ಅಮ್ಮ ಬಗ್ಗಿ ನೋಡಿ ಅದನ್ನು ನವಿಲು ಮಾಡಿಸಿದರು. ಮುಂಬಯಿಯ ಕಿಟಕಿಗೆ ನವಿಲು!

ಹೊರಡುವ ಮೊದಲು ಆಸೆ ತಡೆಯದೆ ಹುಡುಗನನ್ನು ಕೇಳಿಯೇಬಿಟ್ಟಿದ್ದೆ: "ನೀನು ಬರೆಯದಿದ್ರೆ ನಿಮ್ಮಜ್ಜಿಯ ಕಥೆ ನಾನು ಬರೀಲಾ?"

ಒಂದು ಗಳಿಗೆ ನನ್ನನ್ನೇ ನೋಡಿದ. "ಟ್ರೈನ್ ತನಕ ಬರೀರಿ. ಮನೆ ಒಳಗಿಂದು ನಾನು ಬರೀತೀನಿ."

ಆಮೇಲೆ ಪೆನ್ಸಿಲ್ ತೆಗೆದ. ನನಗೆ ಕಾಣದ ಹಾಗೆ ಹಾಳೆಗೆ ಎಡಗೈ ಅಡ್ಡ ಇಟ್ಟುಕೊಂಡ.